ಇಲಿ ಪಾಷಾಣ ಒಬ್ಬರೇ ಇಟ್ಟರೆ ದುಡ್ಡು ದಂಡ

ಭತ್ತದ ಕೊಯ್ಲು ಮುಗಿದ ಮೇಲೆ ನಮ್ಮ ಮಂಡ್ಯದ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಿನ ಇಲಿಗಳೆಲ್ಲ ಎಲ್ಲಿಗೆ ಹೋಗುತ್ತವೆ? ಪಕ್ಕದ ಕಬ್ಬಿಗೆ. ನೆರಳು, ನೀರು, ಸಿಹಿ ಎಲ್ಲ ಅಲ್ಲೇ ಇದೆ. ಬೆಳೆದ ಕಬ್ಬಿನೊಳಗೆ ತಿಂಗಳುಗಟ್ಟಲೆ ಯಾರೂ ಕಾಲಿಡುವುದಿಲ್ಲ ಬೇರೆ.

ಜಾಸ್ತಿ ಹಾಳು ಮಾಡುವುದು ಹೆಗ್ಗಣ. ಬುಡದ ಗಿಣ್ಣುಗಳ ನಡುವೆ ಕಚ್ಚುತ್ತದೆ. ತಿನ್ನುವುದು ಸ್ವಲ್ಪ, ಕಚ್ಚಿ ಬಿಡುವುದೇ ಹೆಚ್ಚು. ಆ ಗಾಯದಿಂದ ರೋಗ ಒಳಗಿಳಿದು ಕಬ್ಬು ಹುಳಿಯುತ್ತದೆ, ತೂಕ ಇಳಿಯುತ್ತದೆ. ಗಾಳಿಗೆ ಮಲಗಿದ ಕಬ್ಬಿನ ಕಥೆಯಂತೂ ಕೇಳಲೇ ಬೇಡಿ. ಕಟಾವು ತಡವಾದಷ್ಟೂ ನಷ್ಟ ಏರುತ್ತದೆ, ಅದನ್ನು ತುಂಬಿಕೊಡುವವರು ಯಾರೂ ಇಲ್ಲ.

ನಾವು ಮಾಡುವುದೇನು? ಹಲ್ಲಿನ ಗುರುತು ಕಂಡ ದಿನ ಅಂಗಡಿಗೆ ಓಡಿ, ಅದೇ ಸಂಜೆ ಪಾಷಾಣ ಇಡುತ್ತೇವೆ. ಹೆಗ್ಗಣ ಹೊಸ ತಿಂಡಿಯನ್ನು ಮೊದಲು ಚೂರು ರುಚಿ ನೋಡುತ್ತದೆ. ಹೊಟ್ಟೆ ಕೆಟ್ಟು ಬದುಕಿ ಉಳಿದರೆ ಮತ್ತೆ ಅದರ ಹತ್ತಿರ ಸುಳಿಯುವುದಿಲ್ಲ. ಅದಕ್ಕೇ ಮೊದಲ ಎರಡು ದಿನ ಬರೀ ಎಣ್ಣೆ ಸವರಿದ ನುಚ್ಚು ಇಟ್ಟು ನಂಬಿಸಬೇಕು. ಮೂರನೇ ದಿನ 96 ಪಾಲು ನುಚ್ಚು, 2 ಪಾಲು ಎಣ್ಣೆ, 2 ಪಾಲು ಜಿಂಕ್ ಫಾಸ್ಫೈಡ್ ಅನ್ನುವ ಪಾಷಾಣ. ಕೋಲಿನಲ್ಲಿ ಕಲಸಿ, ಬರಿಗೈ ಬೇಡವೇ ಬೇಡ. ಮುನ್ನಾದಿನ ಸಂಜೆ ಬಿಲಗಳಿಗೆಲ್ಲ ಮಣ್ಣು ಮುಚ್ಚಿದರೆ, ಯಾವುದರಲ್ಲಿ ಇಲಿ ಇದೆ ಅಂತ ಬೆಳಿಗ್ಗೆ ಗೊತ್ತಾಗುತ್ತದೆ. ತೆರೆದವಕ್ಕೆ ಮಾತ್ರ ಹಾಕಿ. ಉಳಿದುಕೊಂಡವಕ್ಕೆ ಅದೇ ಪಾಷಾಣ ಮತ್ತೆ ಇಡಬೇಡಿ, ನಿಧಾನಕ್ಕೆ ಕೊಲ್ಲುವ ಬ್ರೋಮಾಡಿಯೋಲೋನ್ ಬಿಲ್ಲೆ ಇಡಿ. ಸತ್ತವನ್ನು ಹೂತುಹಾಕಿ.

ಇಷ್ಟೆಲ್ಲ ಮಾಡಿ ನನ್ನ ಗದ್ದೆ ಖಾಲಿಯಾದರೂ ಏನು ಬಂತು? ಪಕ್ಕದ ಬದುವಿನಿಂದ ಬಂದು ಮತ್ತೆ ಸೇರಿಕೊಳ್ಳುತ್ತವೆ. ಹೆಗ್ಗಣ ಮರಿ ಹಾಕುವುದಕ್ಕೆ ಮೂರು ವಾರ ಸಾಕು, ಅದೂ ಒಂದೆರಡಲ್ಲ. ನಾಲೆ ನೀರು ನಿಂತು ಗದ್ದೆಗಳು ಖಾಲಿ ಇರುವಾಗ, ಮಳೆಗೆ ಮುಂಚೆ, ಇಡೀ ಬಯಲಿನವರು ಒಟ್ಟಿಗೆ ಒಂದೇ ವಾರದಲ್ಲಿ ಪಾಷಾಣ ಇಡಬೇಕು. ಇಲಿ ಬಿಲ ತೋಡುವ ದಪ್ಪ ಬದುಗಳನ್ನೂ ಆಗಲೇ ಕೆತ್ತಿ ಸಣ್ಣ ಮಾಡಬೇಕು. ಊರಹಬ್ಬಕ್ಕೆ ಮನೆಗಿಷ್ಟು ಅಂತ ವಂತಿಗೆ ಎತ್ತುವವರು ನಾವು, ಇದಕ್ಕೆ ಯಾಕೆ ಆಗಲ್ಲ?

ಗೂಬೆ ಕೂರಲಿ ಅಂತ ಟಿ ಆಕಾರದ ಗೂಟ ನೆಡಿ ಅನ್ನುತ್ತಾರೆ. ಎಳೆ ಕಬ್ಬಿಗೆ ಸರಿ. ಆಳೆತ್ತರ ಬೆಳೆದ ಮೇಲೆ ಗೂಬೆಗೆ ನೆಲವೇ ಕಾಣಲ್ಲ. ಆಗ ಒಳಗೆ ನುಗ್ಗಿ ಹಿಡಿಯುವುದು ಕೇರೆ ಹಾವು. ಅದಕ್ಕೆ ವಿಷ ಇಲ್ಲ ಅಂತ ಎಲ್ಲರಿಗೂ ಗೊತ್ತು, ಆದರೂ ಕಂಡ ಕೂಡಲೇ ಕೋಲು ಹುಡುಕುತ್ತೇವೆ. ಇದೆಂಥ ಬುದ್ಧಿಯೋ!

ಈ ಸಲ ಯುಗಾದಿ ಆದ ಮೇಲೆ ನಮ್ಮ ಬಯಲಿನವರನ್ನು ಕೂರಿಸಿ ದಿನ ಗೊತ್ತುಮಾಡೋಣ ಅಂತಿದ್ದೇನೆ. ಖರ್ಚು ಎಕರೆ ಲೆಕ್ಕದಲ್ಲಿ ಹಂಚಿಕೊಂಡರೆ ಯಾರಿಗೂ ಭಾರವಲ್ಲ. ಬರುವವರು ಕಾಮೆಂಟ್ ಮಾಡಿ.