ಬ್ಯಾಕ್‌ರೆಸ್ಟ್ ಹಾಕಿಸೋರು ಮೊದಲು ಬೋಲ್ಟ್ ಉದ್ದ ನೋಡಿ

ಇವತ್ತು ಬೆಂಗಳೂರಿನ ಜೆ.ಸಿ. ರಸ್ತೆಯ ಒಂದು ಅಂಗಡಿ ಮುಂದೆ ಕಂಡಿದ್ದು. 350 ಸಿಸಿ ಬೈಕಿಗೆ, ಹಿಂದೆ ಕೂರೋರು ಬೆನ್ನು ಒರಗಿಸೋ ಬ್ಯಾಕ್‌ರೆಸ್ಟ್ ಹಾಕ್ತಿದ್ರು. ಹಿಂದೆ ಕೂರೋರು ಹಿಡ್ಕೊಳ್ಳೋ ಗ್ರ್ಯಾಬ್ ರೈಲ್‌ನ ಬೋಲ್ಟ್ ಬಿಚ್ಚಿದ್ರು, ಅದರ ಮೇಲೆ ಬ್ಯಾಕ್‌ರೆಸ್ಟ್‌ನ 5 ಮಿ.ಮೀ. ಪಟ್ಟಿ ಇಟ್ರು, ಮಡ್‌ಗಾರ್ಡಿಗೆ ತಾಗ್ತಿದೆ ಅಂತ ನಾಲ್ಕು ವಾಷರ್ ತುರುಕಿದ್ರು, ಆಮೇಲೆ ಅದೇ ಹಳೇ ಬೋಲ್ಟ್ ಹಾಕಿ ಬಿಗಿದ್ರು. ಕೈಯಲ್ಲಿ ಜಗ್ಗಿ ತೋರಿಸಿ, "ಅಲ್ಲಾಡಲ್ಲ ಸಾರ್" ಅಂದ್ರು. ನನಗೆ ಮೈ ಉರಿದುಹೋಯ್ತು.

ಲೆಕ್ಕ ಹಾಕಿ. ಒಂದೂವರೆ ಮಿ.ಮೀ. ವಾಷರ್ ನಾಲ್ಕು ಅಂದ್ರೆ 6, ಪಟ್ಟಿ 5, ಒಟ್ಟು 11. ಮೊದಲು ಫ್ರೇಮಿನೊಳಗೆ 15 ಮಿ.ಮೀ. ಹೋಗ್ತಿದ್ದ ಬೋಲ್ಟು ಈಗ ಕಚ್ಚಿರೋದು 4 ಮಿ.ಮೀ. ಎಂ8, ಅಂದ್ರೆ 8 ಮಿ.ಮೀ. ದಪ್ಪದ ಬೋಲ್ಟಿನ ಮರೆಗಳ (ಥ್ರೆಡ್ ಸುತ್ತುಗಳ) ಅಂತರ 1.25 ಮಿ.ಮೀ. ಅಂದ್ರೆ ಮೂರೇ ಮೂರು ಮರೆ! ಬೋಲ್ಟಿನ ದಪ್ಪ ಎಷ್ಟೋ ಕನಿಷ್ಠ ಅಷ್ಟು ಆಳ ಒಳಗಿರಬೇಕು, ಎಂ8ಗೆ 8 ಮಿ.ಮೀ. ನೋಡೋಕೆ ಸ್ಕೇಲೂ ಬೇಡ. ಸ್ಪ್ಯಾನರ್ ಮುಟ್ಟೋ ಮುಂಚೆ ಕೈಯಲ್ಲೇ ತಿರುಗಿಸಿ, ಮರೆ ಕಚ್ಚಿದ ಮೇಲೆ 7 ಸುತ್ತು ಬರ್ಲೇಬೇಕು. ಬರ್ಲಿಲ್ವಾ, ಬೋಲ್ಟ್ ಗಿಡ್ಡ.

ಕೈಯಲ್ಲಿ ಜಗ್ಗಿದ್ರೆ ಏನೂ ಗೊತ್ತಾಗಲ್ಲ. ಹಿಂದೆ ಕೂತೋರು ಒರಗಿದಾಗ ಬೀಳೋ ಭಾರ ಹಾರೆಯಲ್ಲಿ ಮೀಟಿದ ಹಾಗೆ ಬೋಲ್ಟಿನ ಮೇಲೆ ಹೋಗುತ್ತೆ. ಬ್ಯಾಕ್‌ರೆಸ್ಟ್‌ನ ದಿಂಬು ಬೋಲ್ಟಿಂದ 30 ಸೆಂ.ಮೀ. ಮೇಲಿದ್ದು, ಪಟ್ಟಿಯ ಎರಡು ಬೋಲ್ಟುಗಳ ಮಧ್ಯೆ 6 ಸೆಂ.ಮೀ. ಇದ್ರೆ, 20 ಕೆ.ಜಿ. ಒರಗು ಬೋಲ್ಟಿನ ಹತ್ರ 100 ಕೆ.ಜಿ. ಆಗುತ್ತೆ. ಎರಡು ಕಡೆ ಹಂಚಿಕೊಂಡ್ರೂ ಒಂದೊಂದು ಕಡೆ 50. ಇದು ಗಾಡಿ ನಿಂತಾಗಿನ ಲೆಕ್ಕ. ಗುಂಡಿಗೆ ಇಳಿದು ಹತ್ತುವಾಗ ಇನ್ನೂ ಜಾಸ್ತಿ.

"ಸಿಟಿಯಲ್ಲೇ ಓಡ್ಸೋದು, ಅಷ್ಟೆಲ್ಲ ಯಾಕೆ" ಅನ್ನೋರಿದ್ದಾರೆ. ಸಿಟಿಯಲ್ಲೇ ಅಲ್ವಾ ಹಂಪು, ಗುಂಡಿ, ಸಿಗ್ನಲ್ ಬಿಟ್ಟ ತಕ್ಷಣ ಎಳೆಯೋದು ಎಲ್ಲಾ ಇರೋದು? ಒಂದೇ ಸಮನೆ ಓಡೋ ಹೈವೇಗಿಂತ ಬೋಲ್ಟಿಗೆ ಇಲ್ಲೇ ಕಷ್ಟ.

ಹೊಳೆಯುತ್ತೆ ಅಂತ ಸ್ಟೇನ್‌ಲೆಸ್ ಬೋಲ್ಟ್ ಹಾಕಿಸ್ಕೋಬೇಡಿ. ಬೋಲ್ಟಿನ ತಲೆ ಮೇಲೆ ಬಲದ ದರ್ಜೆ ಬರೆದಿರುತ್ತೆ. ಎ2-70 ಅಂತಿರೋ ಸ್ಟೇನ್‌ಲೆಸ್, 8.8 ಅಂತಿರೋ ಸಾಮಾನ್ಯ ಸ್ಟೀಲ್ ಬೋಲ್ಟಿಗಿಂತ ಕಡಿಮೆ ಎಳೆತಕ್ಕೇ ಹಿಗ್ಗಿಬಿಡುತ್ತೆ. 8.8 ತಗೊಳ್ಳಿ, ಪಟ್ಟಿ ಮತ್ತು ಸ್ಪೇಸರ್ (ಮಧ್ಯದ ಅಂತರ ತುಂಬೋ ತುಂಡು) ಎಷ್ಟು ದಪ್ಪವೋ ಅಷ್ಟು ಉದ್ದ ಜಾಸ್ತಿ ಇರಲಿ. ವಾಷರ್ ಅಡುಕಿನ ಬದಲು ಲೇತಲ್ಲಿ ಒಂದೇ ಸ್ಟೀಲ್ ಬುಷ್ (ಕೊಳವೆಯಂಥ ತುಂಡು) ಮಾಡಿಸಿ. ಹಾಗಂತ ತೀರಾ ಉದ್ದದ್ದೂ ಬೇಡ, ತುದಿ ಒಳಗೆ ಚಾಚಿದ್ರೆ ಹಿಂದಿನ ಸಸ್ಪೆನ್ಷನ್ ಕುಗ್ಗಿದಾಗ ಟೈರಿಗೆ ತಾಗಬಹುದು. ಇಬ್ಬರು ಕೂತು ಗಾಡಿ ಒತ್ತಿ, ಮೂರನೆಯವರು ಬಗ್ಗಿ ನೋಡಲಿ.

ಎಲ್ಲಾ ಬೋಲ್ಟನ್ನೂ ಮೊದಲು ಕೈಬಿಗಿ ಮಾಡಿ, ಪಟ್ಟಿ ತಾನಾಗಿ ಕೂತ ಮೇಲೆ ನೀಲಿ ಥ್ರೆಡ್‌ಲಾಕರ್ (ಬೋಲ್ಟ್ ಸಡಿಲ ಆಗದ ಹಾಗೆ ಹಿಡಿಯೋ ಅಂಟು) ಹಚ್ಚಿ ಒಂದೊಂದಾಗಿ ಬಿಗಿಯಿರಿ. ಎಂ8ಗೆ ಬಿಗಿಯೋ ಬಲ (ಟಾರ್ಕ್) ಸುಮಾರು 22ರಿಂದ 25 ನ್ಯೂಟನ್ ಮೀಟರ್. ಒಂದು ಕಡೆ ಪೂರ್ತಿ ಬಿಗಿದು ಇನ್ನೊಂದು ಕಡೆ ಎಳೆದು ಕೂರಿಸಿದ್ರೆ ಮರೆ ಅಲ್ಲೇ ಹಾಳು.

ಗ್ರ್ಯಾಬ್ ರೈಲನ್ನೇ ತೆಗೆದು ಬಿಸಾಕೋದಂತೂ ನನಗೆ ಸಹಿಸೋಕಾಗಲ್ಲ. ಕೇಂದ್ರ ಮೋಟಾರು ವಾಹನ ನಿಯಮ 123ರ ಪ್ರಕಾರ ಹಿಂದೆ ಕೂರೋರಿಗೆ ಹಿಡ್ಕೊಳ್ಳೋಕೆ ಹಿಡಿಕೆ ಇರ್ಲೇಬೇಕು. ಸೀರೆ ಉಟ್ಟು ಒಂದೇ ಕಡೆ ಕಾಲು ಹಾಕಿ ಕೂರೋ ಅಮ್ಮನಿಗೆ ಬ್ಯಾಕ್‌ರೆಸ್ಟ್ ಬೆನ್ನಿಗೆ ಸಿಗೋದೇ ಇಲ್ಲ. ಅವರ ಕೈಗೆ ಸಿಗೋದು ಆ ರೈಲ್ ಒಂದೇ. ಅದನ್ನೂ ಕಿತ್ತು ಹಾಕಿದ್ರೆ ಅವರು ಏನನ್ನ ಹಿಡ್ಕೋಬೇಕು?

ಸೀಟ್ ವಿಷಯ ಚಿಕ್ಕದಾಗಿ. ಹೊಸ ಸೀಟಿನ ತಳದಲ್ಲಿ ರಬ್ಬರ್ ಬುಡ್ಡೆಗಳಿವೆಯಾ ನೋಡಿ. ಇಲ್ಲಾಂದ್ರೆ ಹಳೇ ಸೀಟಿಂದ ಕಿತ್ತು ಹಾಕಿಸಿ, ಭಾರ ಫ್ರೇಮಿಗೆ ಇಳಿಯೋದು ಅವುಗಳ ಮೂಲಕ. ತಗಡಿನ ತಳ ಆದ್ರೆ, ಅದು ತಾಗಿ ಶಾರ್ಟ್ ಆಗದ ಹಾಗೆ ಬ್ಯಾಟರಿಯ ಪ್ಲಸ್ ಟರ್ಮಿನಲ್ ಮೇಲೆ ರಬ್ಬರ್ ಕ್ಯಾಪ್ ಇರ್ಲೇಬೇಕು. ಮೇಲ್ಗಡೆ ಹೊಲಿಗೆ ಇದ್ರೆ ರೆಕ್ಸಿನ್ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಕಿಸಿ. ಇಲ್ಲಾಂದ್ರೆ ಒಂದು ಮಳೆಗೇ ಫೋಮ್ ನೀರು ಕುಡಿಯುತ್ತೆ.

ಬಿಗಿದಾದ ಮೇಲೆ ಬೋಲ್ಟಿನ ತಲೆಯಿಂದ ಪಟ್ಟಿವರೆಗೆ ಬಿಳಿ ಪೇಂಟಲ್ಲಿ ಒಂದು ಗೆರೆ ಎಳೆದುಬಿಡಿ. ನೂರು ಕಿ.ಮೀ. ಓಡಿಸಿ ನೋಡಿ. ಗೆರೆ ತುಂಡಾಗಿದ್ರೆ ಬೋಲ್ಟ್ ತಿರುಗಿದೆ. ಅದನ್ನ ಪೂರ್ತಿ ಬಿಚ್ಚಿ, ಹಳೇ ಅಂಟು ಒರೆಸಿ, ಹೊಸದಾಗಿ ಥ್ರೆಡ್‌ಲಾಕರ್ ಹಚ್ಚಿ ಬಿಗಿಯೋವರೆಗೂ ಹಿಂದೆ ಯಾರನ್ನೂ ಕೂರಿಸಬೇಡಿ.