ಹುಬ್ಬಳ್ಳಿ ಟೈಗರ್ಸ್ ಹುಬ್ಬಳ್ಳಿಯಲ್ಲೇ ಆಡಲಿ

2023ರಲ್ಲಿ ಹುಬ್ಬಳ್ಳಿ ಟೈಗರ್ಸ್ ನಮ್ಮ ರಾಜ್ಯದ ಟಿ20 ಕ್ರಿಕೆಟ್ ಲೀಗ್ ಆದ ಮಹಾರಾಜ ಟ್ರೋಫಿ ಗೆದ್ದಿತು. ಗೆದ್ದಿದ್ದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ. ಆ ವರ್ಷ ಲೀಗ್‌ನ ಎಲ್ಲ ಪಂದ್ಯಗಳೂ ಅಲ್ಲೇ ನಡೆದವು. ನಾನು ಪೆನ್ಸಿಲ್ವೇನಿಯಾದಲ್ಲಿ ಕೂತು ಫೋನಿನಲ್ಲಿ ಸ್ಕೋರ್ ನೋಡಿದೆ. ಹುಬ್ಬಳ್ಳಿಯಲ್ಲೇ ಇರುವ ನನ್ನ ತಮ್ಮನೂ ಫೋನಿನಲ್ಲೇ ನೋಡಿದ. ಊರಿನ ತಂಡ ಕಪ್ ಗೆದ್ದಾಗ ಊರಲ್ಲಿರುವವನಿಗೂ ಊರು ಬಿಟ್ಟವನಿಗೂ ಸಿಕ್ಕಿದ್ದು ಅಷ್ಟೇ ಅಂದರೆ ಏನೋ ತಪ್ಪಿದೆ, ಅಲ್ವಾ?

ಹೀಗೆ ಅನಿಸಲು ಇಲ್ಲಿನ ಒಂದು ಐಸ್ ಹಾಕಿ ತಂಡ ಕಾರಣ. ಹರ್ಷಿ ಅಂದರೆ ನಮಗೆಲ್ಲ ಚಾಕೊಲೇಟ್ ನೆನಪಾಗುತ್ತದೆ. ಆದರೆ ಅದೊಂದು ಊರು. ಜನಸಂಖ್ಯೆ ಸುಮಾರು 14 ಸಾವಿರ. ಅಲ್ಲಿನ ಈಗಿನ ಹಾಕಿ ಅರೀನಾದಲ್ಲಿ 10 ಸಾವಿರಕ್ಕೂ ಜಾಸ್ತಿ ಸೀಟುಗಳಿವೆ! ಅಲ್ಲಿ ಆಡುವುದು ಹರ್ಷಿ ಬೇರ್ಸ್. ಇದು ದೊಡ್ಡ ಲೀಗ್ ಆದ ಎನ್‌ಎಚ್‌ಎಲ್ ತಂಡವಲ್ಲ. ಅದರ ಒಂದು ಮೆಟ್ಟಿಲು ಕೆಳಗಿನ ಅಮೆರಿಕನ್ ಹಾಕಿ ಲೀಗ್‌ನ ತಂಡ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಐಪಿಎಲ್ ಅಲ್ಲ, ಅದರ ಕೆಳಗಿನದು.

ಊರು ಕಟ್ಟಿದ್ದು ಚಾಕೊಲೇಟ್ ಕಂಪನಿಯ ಮಿಲ್ಟನ್ ಹರ್ಷಿ. ಅವರಿಗೂ ಹೆಂಡತಿಗೂ ಮಕ್ಕಳಿರಲಿಲ್ಲ. 1909ರಲ್ಲಿ ಅನಾಥ ಹುಡುಗರಿಗೆ ಒಂದು ಶಾಲೆ ತೆರೆದರು. ಮುಂದೆ ಆಸ್ತಿಯ ಬಹುಪಾಲನ್ನು ಆ ಶಾಲೆಯ ಟ್ರಸ್ಟಿಗೇ ಬರೆದುಕೊಟ್ಟರು. 1930ರ ದಶಕದಲ್ಲಿ ಅಮೆರಿಕದಲ್ಲೆಲ್ಲ ಕೆಲಸವಿಲ್ಲದೆ ಜನ ಬೀದಿಗೆ ಬಿದ್ದಿದ್ದಾಗ ಇವರು ಊರಲ್ಲಿ ಹೋಟೆಲ್, ಸಮುದಾಯ ಭವನ, ಕ್ರೀಡಾಂಗಣ ಅಂತ ಒಂದಾದ ಮೇಲೊಂದು ಕಟ್ಟಿಸಿದರು. 2002ರವರೆಗೆ ತಂಡ ಆಡಿದ ಹಳೆಯ ಹಾಕಿ ಅರೀನಾ ಎದ್ದಿದ್ದು ಆ ಕಾಲದಲ್ಲೇ, 1936ರಲ್ಲಿ. ಎಂಜಿನಿಯರ್ ಆಂಟನ್ ಟೆಡೆಸ್ಕೊ ತೆಳು ಕಾಂಕ್ರೀಟಿನ ಚಾವಣಿಯನ್ನು ಕಮಾನಿನ ಹಾಗೆ ಬಾಗಿಸಿ ನಿಲ್ಲಿಸಿದರು. ಒಳಗೆ ಆಟಕ್ಕೆ ಅಡ್ಡ ಬರುವ ಒಂದು ಕಂಬವೂ ಇಲ್ಲ. (ಬ್ಯಾಸ್ಕೆಟ್‌ಬಾಲ್ ಪ್ರಿಯರಿಗೆ ಒಂದು ಮಾತು: 1962ರ ಮಾರ್ಚ್ 2ರಂದು ವಿಲ್ಟ್ ಚೇಂಬರ್ಲೇನ್ ಒಂದೇ ಪಂದ್ಯದಲ್ಲಿ 100 ಅಂಕ ಗಳಿಸಿದ್ದು ಇದೇ ಕಟ್ಟಡದಲ್ಲಿ.)

ತಂಡ ಶುರುವಾಗಿದ್ದು 1932ರಲ್ಲಿ, ಹವ್ಯಾಸಿಗಳ ತಂಡವಾಗಿ. ಸ್ವಲ್ಪ ಕಾಲ ಅದರ ಹೆಸರು ಕಂಪನಿಯ ಚಾಕೊಲೇಟ್ ಬಾರನ್ನೇ ನೆನಪಿಸುವ ಹಾಗಿತ್ತು. ಇದು ಬರೀ ಜಾಹೀರಾತು ಅಂತ ಆಕ್ಷೇಪ ಬಂತು. 1936ರಲ್ಲಿ ಅದು ಬೇರ್ಸ್ ಆಯಿತು. 1938ರಲ್ಲಿ ಈಗಿನ ಲೀಗ್‌ಗೆ ಸೇರಿತು. ಅಲ್ಲಿಂದ ಇಲ್ಲಿಯವರೆಗೆ ಊರು ಬಿಟ್ಟಿಲ್ಲ, ಹೆಸರು ಬದಲಿಸಿಲ್ಲ. ಈ ಲೀಗ್‌ನಲ್ಲಿ ಇಷ್ಟು ಕಾಲ ನಿಂತ ತಂಡ ಇನ್ನೊಂದಿಲ್ಲ. 2024ರವರೆಗೆ ಗೆದ್ದ ಕಾಲ್ಡರ್ ಕಪ್, ಅಂದರೆ ಈ ಲೀಗ್‌ನ ಕಪ್, 13.

ನನಗೆ ಕಪ್‌ಗಳಿಗಿಂತ ಇಷ್ಟವಾದದ್ದು ಫ್ರಾಂಕ್ ಮ್ಯಾಥರ್ಸ್ ಕಥೆ. ಕೆನಡಾದ ವಿನಿಪೆಗ್‌ನವರು. ಎನ್‌ಎಚ್‌ಎಲ್‌ನಲ್ಲಿ ಆಡಿದ್ದು ಬರೀ 23 ಪಂದ್ಯ. ನಮ್ಮಲ್ಲಾದರೆ ‘ಚಾನ್ಸ್ ಸಿಗಲಿಲ್ಲ ಪಾಪ’ ಅಂದುಬಿಡುತ್ತಿದ್ದೆವು. ಅವರು 1956ರಲ್ಲಿ ಆಟಗಾರನೂ ಕೋಚೂ ಆಗಿ ಹರ್ಷಿಗೆ ಬಂದರು. ಆಮೇಲೆ ಬರೀ ಕೋಚ್ ಆದರು, ಮ್ಯಾನೇಜರ್ ಆದರು. 1991ರವರೆಗೆ ಅಲ್ಲೇ ಇದ್ದರು. 1958, 1959, 1969, 1974, 1980, 1988, ಈ ಆರೂ ಕಪ್‌ಗಳ ಹಿಂದೆ ಅವರಿದ್ದರು. 1988ರಲ್ಲಂತೂ ಪ್ಲೇಆಫ್‌ನ 12 ಪಂದ್ಯಗಳನ್ನೂ ತಂಡ ಗೆದ್ದಿತು, ಒಂದನ್ನೂ ಸೋಲಲಿಲ್ಲ. 1992ರಲ್ಲಿ ಮ್ಯಾಥರ್ಸ್‌ಗೆ ಹಾಕಿ ಹಾಲ್ ಆಫ್ ಫೇಮ್ ಗೌರವ ಸಿಕ್ಕಿತು. ಬದುಕೆಲ್ಲ ಎರಡನೇ ಮೆಟ್ಟಿಲಲ್ಲೇ ಕೆಲಸ ಮಾಡಿದವರಿಗೆ ಮೇಲಿನ ಮನೆಯಲ್ಲಿ ಜಾಗ ಕೊಟ್ಟರು. ನಮ್ಮ ರಣಜಿ ಕೋಚ್‌ಗಳಲ್ಲಿ ಎಷ್ಟು ಜನರ ಹೆಸರು ನಮಗೆ ಗೊತ್ತು? ಕರ್ನಾಟಕ ಎಂಟು ಸಲ ರಣಜಿ ಗೆದ್ದಿದೆ, ಆದರೂ ಹೇಳಿ ನೋಡಿ.

ಇನ್ನು ಆಟಗಾರರು ನಿಲ್ಲುವುದಿಲ್ಲ. ಬೇರ್ಸ್ 2005ರಿಂದ ಎನ್‌ಎಚ್‌ಎಲ್‌ನ ವಾಷಿಂಗ್ಟನ್ ಕ್ಯಾಪಿಟಲ್ಸ್‌ಗೆ ಹುಡುಗರನ್ನು ತಯಾರು ಮಾಡುವ ತಂಡ. ಚೆನ್ನಾಗಿ ಆಡಿದವನನ್ನು ಸೀಸನ್ ಮಧ್ಯದಲ್ಲೇ ಮೇಲಕ್ಕೆ ಕರೆಸಿಕೊಳ್ಳುತ್ತಾರೆ. ನಾಳೆ ಪಂದ್ಯ ಇದ್ದರೂ ಸರಿ. 2018ರಲ್ಲಿ ವಾಷಿಂಗ್ಟನ್ ಎನ್‌ಎಚ್‌ಎಲ್‌ನ ಸ್ಟ್ಯಾನ್ಲಿ ಕಪ್ ಗೆದ್ದಾಗ ಗೋಲ್‌ಕೀಪರ್ ಬ್ರೇಡನ್ ಹೋಲ್ಟ್‌ಬಿ, ಡಿಫೆನ್ಸ್‌ನ ಜಾನ್ ಕಾರ್ಲ್‌ಸನ್ ಇಬ್ಬರೂ ಹರ್ಷಿಯಲ್ಲಿ ಆಡಿ ಹೋದವರೇ. ಊರಿನವರಿಗೆ ಇದರಲ್ಲಿ ಬೇಜಾರಿಲ್ಲ. ‘ಅವನು ಇಲ್ಲಿದ್ದಾಗಲೇ ನಾನು ನೋಡಿದ್ದೆ’ ಅಂತ ಜಂಬ ಕೊಚ್ಚಿಕೊಳ್ಳುತ್ತಾರೆ. ಸ್ಟಾರ್ ಹೋದರೂ ಸೀಟು ಖಾಲಿಯಾಗುವುದಿಲ್ಲ, ಯಾಕೆಂದರೆ ಜನ ಬರುವುದು ತಂಡ ನೋಡಲು.

ಗೊಂಬೆ ಎಸೆಯುವ ದಿನವಂತೂ ನೋಡಬೇಕು. ವರ್ಷಕ್ಕೊಮ್ಮೆ, ಬೇರ್ಸ್ ಮೊದಲ ಗೋಲು ಹೊಡೆದ ಕೂಡಲೇ ಜನ ತಂದಿದ್ದ ಮೆತ್ತನೆ ಗೊಂಬೆಗಳನ್ನೆಲ್ಲ ಐಸ್ ಮೇಲೆ ಎಸೆಯುತ್ತಾರೆ. ಆಟ ನಿಲ್ಲುತ್ತದೆ. ಅದನ್ನೆಲ್ಲ ಗುಡಿಸಿ ತುಂಬಿ ಸುತ್ತಲಿನ ಸೇವಾ ಸಂಸ್ಥೆಗಳಿಗೆ ಕಳಿಸುತ್ತಾರೆ. 2025ರ ಜನವರಿಯಲ್ಲಿ ಬಿದ್ದ ಗೊಂಬೆಗಳು 1,02,343. ಊರಿನ ಜನಸಂಖ್ಯೆಯ ಏಳು ಪಟ್ಟು. ನೋಡುವವರಿಗೆ ಹುಚ್ಚಾಟವೇ. ಆದರೆ ಟಿವಿ ಮುಂದೆ ಕೂತವನು ಗೊಂಬೆ ಎಸೆಯಲಾರ.

ಹಾಗಂತ ಅಮೆರಿಕದಲ್ಲಿ ಎಲ್ಲವೂ ಚೆಂದ ಅಂತಲ್ಲ. ಹರ್ಷಿ ಅಪರೂಪದ ಊರು. ತಂಡದ ಮಾಲೀಕ ಸಂಸ್ಥೆ ಆ ಶಾಲೆಯ ಟ್ರಸ್ಟ್ ಅಡಿಯಲ್ಲಿದೆ, ಹಾಗಾಗಿ ಮಾರಿ ಎದ್ದು ಹೋಗುವ ಮಾತಿಲ್ಲ. ಬೇರೆ ಊರುಗಳಿಗೆ ಆ ಅದೃಷ್ಟವಿಲ್ಲ. 2015ರಲ್ಲಿ ಇದೇ ಲೀಗ್‌ನ ಐದು ತಂಡಗಳು ಒಟ್ಟಿಗೆ ಕ್ಯಾಲಿಫೋರ್ನಿಯಾಕ್ಕೆ ಹೋದವು. ಮೇಲಿನ ತಂಡಗಳಿಗೆ ತಮ್ಮ ಹುಡುಗರು ಹತ್ತಿರ ಇರಬೇಕಿತ್ತು, ಅಷ್ಟೇ. ವುಸ್ಟರ್, ನಾರ್ಫೋಕ್‌ನಂಥ ಊರುಗಳನ್ನು ಯಾರೂ ಕೇಳಲಿಲ್ಲ. ದುಡ್ಡು ಹೇಳಿದ ಹಾಗೆ ನಡೆಯಿತು.

ನಮ್ಮವರಿಗೆ ಸೇರಿ ಆಟ ನೋಡಲು ಬರುವುದಿಲ್ಲ ಅನ್ನುವುದೂ ಸುಳ್ಳು. ಕೊಡಗಿನ ಕೌಟುಂಬಿಕ ಹಾಕಿ 1997ರಲ್ಲಿ ಕರಡದಲ್ಲಿ 60 ಕುಟುಂಬಗಳಿಂದ ಶುರುವಾಯಿತು. 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳು ಆಡಿದವು. ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಸ್ಟಿಕ್ ಹಿಡಿಯುತ್ತಾರೆ. ಅಲ್ಲಿ ಜನ ತುಂಬುವುದು ಆಟ ಅವರ ಅಂಗಳಕ್ಕೇ ಬಂದಿದ್ದಕ್ಕೆ.

ಕ್ರಿಕೆಟ್‌ನಲ್ಲಿ ನಾವು ಇದರ ಉಲ್ಟಾ ಮಾಡಿದ್ದೇವೆ. ಮಂಗಳೂರು, ಶಿವಮೊಗ್ಗ, ಗುಲ್ಬರ್ಗ ಅಂತ ಊರಿನ ಹೆಸರು ಜೆರ್ಸಿ ಮೇಲೆ ಹಾಕಿ ಎಲ್ಲರನ್ನೂ ಒಂದೇ ಮೈದಾನದಲ್ಲಿ ಆಡಿಸುವುದು. ಹಿಂದೆ ಕೆಪಿಎಲ್ (ಕರ್ನಾಟಕ ಪ್ರೀಮಿಯರ್ ಲೀಗ್) ಇದ್ದಾಗ ಹುಬ್ಬಳ್ಳಿಯ ರಾಜನಗರ ಮೈದಾನದಲ್ಲೂ ಪಂದ್ಯಗಳು ನಡೆದಿದ್ದವು. 2019ರಲ್ಲಿ ಫಿಕ್ಸಿಂಗ್ ಹಗರಣ ಬಯಲಾಗಿ ಆ ಲೀಗೇ ನಿಂತಿತು. 2022ರಲ್ಲಿ ಮಹಾರಾಜ ಟ್ರೋಫಿ ಬಂತು. ತಂಡಗಳ ಹೆಸರಲ್ಲಿ ಊರು ಉಳಿಯಿತು, ಪಂದ್ಯ ಮಾತ್ರ ಹುಬ್ಬಳ್ಳಿಗೆ ವಾಪಸ್ ಬರಲಿಲ್ಲ.

ಒಂದೇ ಕಡೆ ಆಡಿಸಿದರೆ ಖರ್ಚು ಕಡಿಮೆ, ಟಿವಿಯವರಿಗೂ ಸುಲಭ, ಗೊತ್ತು. ಆಗಸ್ಟ್‌ನಲ್ಲಿ ನಮ್ಮ ಕಡೆ ಮಳೆ ಅನ್ನುವುದೂ ಗೊತ್ತು. ಮಳೆ ಬೆಂಗಳೂರಿಗೇನು ರಜಾ ಕೊಡುತ್ತದಾ? ಎಲ್ಲ ಪಂದ್ಯ ಬೇಡ. ಟೈಗರ್ಸ್‌ನ ಎರಡು ಪಂದ್ಯ ರಾಜನಗರದಲ್ಲಿ ಆಡಿಸಿ, ಟಿಕೆಟ್ ಐವತ್ತು ರೂಪಾಯಿ ಇಡಿ, ಶಾಲೆ ಹುಡುಗರನ್ನು ಪುಕ್ಕಟೆ ಬಿಡಿ. ಮುಂದಿನ ವರ್ಷವೂ ಅಲ್ಲೇ, ಅದರ ಮುಂದಿನ ವರ್ಷವೂ ಅಲ್ಲೇ ಆಡಿಸಿ. ಹತ್ತು ವರ್ಷ ಹಾಗೆ ಮಾಡಿದ ಮೇಲೂ ಜನ ಬರದಿದ್ದರೆ ಆಗ ಬೆಂಗಳೂರಿಗೆ ಒಯ್ಯಿರಿ, ನಾನೇನೂ ಅನ್ನುವುದಿಲ್ಲ.