ಆ ನಲವತ್ತು ಯಾವ ನಲವತ್ತು?

ಇಂದು ಮಧ್ಯಾಹ್ನ ಎರಡು ಗಂಟೆಗೆ ಮೈಗೆ ಸೋಪು ಹಚ್ಚಿಕೊಂಡು ನಿಂತವನಿಗೆ ನೊರೆಯೇ ಬರಲಿಲ್ಲ. ಹೊರಗಿನಿಂದ ಗಡಸು ನೀರನ್ನು ಮೆದುಗೊಳಿಸುವ ನಮ್ಮ ವಾಟರ್ ಸಾಫ್ಟ್‌ನರ್ ಬುಸುಗುಡುವ ಸದ್ದು ಮಾತ್ರ ಕೇಳಿಸುತ್ತಿತ್ತು. ಟವೆಲ್ ಸುತ್ತಿಕೊಂಡು ಹೋಗಿ ನೋಡಿದರೆ ಅದರ ಪರದೆ ರಾತ್ರಿ ಎರಡು ಗಂಟೆ ಎನ್ನುತ್ತಿದೆ! ಮನೆಮಂದಿ ಮಲಗಿರುವ ಹೊತ್ತೆಂದು ನಂಬಿ ಅದು ನಿಷ್ಠೆಯಿಂದ ತನ್ನ ರೆಸಿನ್ನನ್ನು, ಅಂದರೆ ಗಡಸುತನ ಹೀರಿಕೊಳ್ಳುವ ಮಣಿಗಳನ್ನು, ಉಪ್ಪುನೀರಿನಲ್ಲಿ ತೊಳೆದುಕೊಳ್ಳುತ್ತಿತ್ತು, ಅಷ್ಟು ಹೊತ್ತೂ ನಲ್ಲಿಗೆ ಗಡಸು ನೀರನ್ನೇ ಹಾಗೆಯೇ ಬಿಡುತ್ತಿತ್ತು.

ಗಡಿಯಾರದ ತಪ್ಪನ್ನಾದರೂ ಕ್ಷಮಿಸಬಹುದು. ಅದನ್ನು ಸರಿಪಡಿಸಲು ಹೋಗಿ ಮುಂದಿನ ಪುಟ ತೆರೆದಾಗ ಕಂಡದ್ದು ಮಾತ್ರ ನನ್ನನ್ನು ಕೆರಳಿಸಿತು: ಗಡಸುತನ, 40. ಯಾವ ನಲವತ್ತು? ಈ ಯಂತ್ರ ಕೇಳುವುದು ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಎಷ್ಟು ಪಾಲು) ಅಲ್ಲ, ಗ್ಯಾಲನ್ನಿಗೆ ಎಷ್ಟು ಗ್ರೇನ್ (ತೂಕದ ಒಂದು ಹಳೆಯ ಅಳತೆ) ಎಂದು. ನಮ್ಮ ನೀರಿನ ಪರೀಕ್ಷೆಯಲ್ಲಿ ಬಂದದ್ದು 340 ಪಿಪಿಎಂ, ಗ್ಯಾಲನ್ನಿಗೆ ಒಂದು ಗ್ರೇನ್ ಎಂದರೆ 17.1 ಪಿಪಿಎಂ, ಹಾಗಾಗಿ 17.1ರಿಂದ ಭಾಗಿಸಿದರೆ ಹೆಚ್ಚುಕಡಿಮೆ 20 ಗ್ರೇನ್. ನೀರಿನಲ್ಲಿ ಕಬ್ಬಿಣವಿದ್ದರೆ ಪ್ರತಿ ಪಿಪಿಎಂಗೆ ನಾಲ್ಕೈದು ಗ್ರೇನ್ ಸೇರಿಸಬೇಕಿತ್ತು, ನಮ್ಮಲ್ಲಿ ಅದೂ ಇಲ್ಲ.

ಅಳವಡಿಸಿದವರಿಗೆ ಫೋನ್ ಮಾಡಿದೆ. "ಎಲ್ಲ ಮನೆಗೂ ನಲವತ್ತೇ ಇಡುತ್ತೇವೆ ಸರ್, ಜಾಸ್ತಿ ಇದ್ದರೆ ಸೇಫ್" ಎಂದರು. ಒಂದರ್ಥದಲ್ಲಿ ನಿಜವೇ, ಹೆಚ್ಚಿನ ಸಂಖ್ಯೆ ಕೊಟ್ಟರೆ ರೆಸಿನ್ ಬಳಲುವ ಮೊದಲೇ ಯಂತ್ರ ಎಚ್ಚೆತ್ತುಕೊಳ್ಳುತ್ತದೆ. ಜ್ವರದ ಮಾತ್ರೆಯನ್ನೂ ಎರಡೆರಡು ನುಂಗಿದರೆ ಸೇಫ್ ಎನ್ನುವವರ ತರ್ಕವಿದು. ಯಂತ್ರ ಮಾಡುವುದು ಬರೀ ಭಾಗಾಕಾರ: ರೆಸಿನ್ ಹೀರಿಕೊಳ್ಳಬಲ್ಲ 24,000 ಗ್ರೇನ್ ಸಾಮರ್ಥ್ಯವನ್ನು 20ರಿಂದ ಭಾಗಿಸಿದರೆ 1,200 ಗ್ಯಾಲನ್, ಅಂದರೆ ಸುಮಾರು 4,500 ಲೀಟರ್ ನೀರು ಹರಿದ ಮೇಲೆ ತೊಳೆತ; 40ರಿಂದ ಭಾಗಿಸಿದರೆ ಅದರ ಅರ್ಧಕ್ಕೇ ತೊಳೆತ. ರೆಸಿನ್ ಇನ್ನೂ ಅರ್ಧ ಶಕ್ತಿ ಉಳಿಸಿಕೊಂಡಿರುವಾಗಲೇ ಅದರ ಮೇಲೆ ಪೂರ್ತಿ ಉಪ್ಪು ಸುರಿದು, ನೂರಾರು ಲೀಟರ್ ಉಪ್ಪುನೀರನ್ನು ಚರಂಡಿಗೆ ಬಿಡುವುದಕ್ಕೆ ಇವರಿಟ್ಟ ಹೆಸರು ಸೇಫ್. ಉಪ್ಪಿನ ಮೂಟೆ ಇಷ್ಟು ಬೇಗ ಖಾಲಿಯಾಗುವುದೇಕೆಂದು ಮನೆಯವರು ಕೇಳಿದಾಗಲೆಲ್ಲ ನಾನು ನೀರನ್ನೇ ಬೈದೆ.

ಇನ್ನು ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಇಡೀ ವೃತ್ತಿಜೀವನ ಗಣಿತ ಕಲಿಸುತ್ತಾ, ಉತ್ತರದ ಮುಂದೆ ಏಕಮಾನ ಬರೆಯದ ಮಕ್ಕಳಿಗೆ ಕರುಣೆಯಿಲ್ಲದೆ ಅರ್ಧ ಅಂಕ ಕತ್ತರಿಸಿದವನು ನಾನು. ಆ ಶಾಪಗ್ರಸ್ತ ವಿದ್ಯಾರ್ಥಿಗಳಲ್ಲಿ ಕೆಲವರು ಈ ಗೋಡೆಯ ಮೇಲೂ ಇದ್ದೀರಿ, ನಗಬೇಡಿ. ಅಂಥವನು ಒಂದೂವರೆ ವರ್ಷ ಏಕಮಾನವಿಲ್ಲದ ನಲವತ್ತರ ಜೊತೆ ಸಂಸಾರ ಮಾಡಿದ್ದೇನೆ; ಕೈಪಿಡಿ ಪ್ಲಾಸ್ಟಿಕ್ ಚೀಲದೊಳಗೆ ಹೊಸದಾಗಿಯೇ ಉಳಿದಿತ್ತು. ಆದರೂ ನೀರು ಪರೀಕ್ಷಿಸದೆ, ಮನೆಯಲ್ಲಿ ಎಷ್ಟು ಜನರೆಂದು ಕೇಳದೆ, ನಾಲ್ಕು ಗುಂಡಿ ಒತ್ತಿ ಸಹಿ ಹಾಕಿಸಿಕೊಂಡು ಹೋದವರ ಮೇಲಿನ ಸಿಟ್ಟು ಇದರಿಂದ ಇಳಿದಿಲ್ಲ.

ಈಗ 20 ಎಂದು ಬದಲಾಯಿಸಿದ್ದೇನೆ, ಗಡಿಯಾರವನ್ನು ಹನ್ನೆರಡು ಗಂಟೆ ಹಿಂದೆ ತಿರುಗಿಸಿದ್ದೇನೆ. ಮೈಮೇಲಿನ ಸೋಪು ಮಾತ್ರ ಒಣಗಿದೆ. ತೊಳೆತ ಮುಗಿಯಲು ಇನ್ನೂ ನಲವತ್ತು ನಿಮಿಷವಂತೆ.